ಬಂಡೆ ಒಡೆಯುವ ಟೈಪಿಸ್ಟ್ ಅಕ್ಕ

ಟೈಪಿಸ್ಟ್ ಅಕ್ಕ ಕಂಪ್ಯೂಟರಿನ ಮುಂದೆ ಕೂತರೆ ಸಾಕು, ಪಕ್ಕದ ಮೇಜಿನ ಲೋಟಗಳು ತಾವಾಗಿಯೇ ನಡೆದು ಅಂಚಿಗೆ ಬರುತ್ತವೆ. ಮೂವತ್ತು ವರ್ಷ ಕಬ್ಬಿಣದ ಟೈಪ್‌ರೈಟರ್ ಕುಟ್ಟಿದ ಬೆರಳುಗಳು ಅವರವು. ಸಾಲು ಮುಗಿದಾಗಲೆಲ್ಲ ಎಡಗೈ ಈಗಲೂ ಹಳೆಯ ಯಂತ್ರದ ಸಾಲು ಬದಲಿಸುವ ಹಿಡಿಕೆಯೆಂದುಕೊಂಡು ಗಾಳಿಯನ್ನು ತಳ್ಳುತ್ತದೆ. ಒಮ್ಮೆ ಕೀಬೋರ್ಡಿನಿಂದ ಹಾರಿದ ಕೀಲಿ ಎದುರು ಕಟ್ಟಡದಲ್ಲಿ ಸಿಕ್ಕಿತೆಂದು ಗುಮಾಸ್ತರು ಆಣೆ ಮಾಡಿ ಹೇಳುತ್ತಾರೆ. "ಅಕ್ಕಾ, ಕಾಗದ ಟೈಪ್ ಮಾಡ್ತಿದ್ದೀರೋ, ಬಂಡೆ ಒಡೀತಿದ್ದೀರೋ?" ಎಂದು ಯಾರು ಕೇಳಿದರೂ ಅಕ್ಕ ತಲೆ ಎತ್ತುವುದಿಲ್ಲ. ಅದು ಗರ್ವವೆಂದೇ ಎಲ್ಲರೂ ತಿಳಿದಿದ್ದರು. ನಿಜವೆಂದರೆ ಎರಡು ವರ್ಷದಿಂದ ಅವರ ಕಿವಿ ಮಂದವಾಗುತ್ತ ಬಂದಿತ್ತು. ತಮ್ಮ ಹೊಡೆತ ತಮಗೆ ಕೇಳಲೆಂದೇ ಅಷ್ಟು ಕುಟ್ಟುತ್ತಿದ್ದರು. ಗೊತ್ತಾದರೆ ಕೆಲಸ ಹೋದೀತೆಂಬ ಭಯಕ್ಕೆ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಸಾಹೇಬರು ಬೆನ್ನ ಹಿಂದೆ ನಿಂತು ಮೂರು ಸಲ ಕರೆದರು, ಉತ್ತರ ಬರಲಿಲ್ಲ. ಸಾಹೇಬರಿಗೆ ವಿಷಯ ಅರ್ಥವಾಯಿತು. ಪಕ್ಕಕ್ಕೆ ಬಂದು, ಬಾಗಿ, ಅಕ್ಕನ ಕಂಪ್ಯೂಟರಿನಲ್ಲೇ ಟೈಪ್ ಮಾಡಿದರು: "ಇನ್ಮೇಲೆ ಹೇಳೋದೆಲ್ಲ ಇಲ್ಲೇ ಬರೆದು ಹೇಳ್ತೀನಿ. ನೀವು ಎಲ್ಲೂ ಹೋಗಬೇಡಿ." ಅಕ್ಕ ಪರದೆಯ ಹತ್ತಿರಕ್ಕೆ ಮುಖ ತಂದು ಓದಿದರು. ಆಮೇಲೆ ಅದರ ಕೆಳಗೇ ಉತ್ತರ ಟೈಪ್ ಮಾಡಿದರು: "ಬೈಯೋದಿದ್ರೆ ದೊಡ್ಡಕ್ಷರದಲ್ಲಿ ಬೈಯಿರಿ ಸಾರ್. ಕನ್ನಡಕವೂ ಹಳೇದು."