ಬಾಟಲಿಯ ಕೊರಳಿನ ಬಿಲ್ಲೆ

ಚಳಿಗಾಲದಲ್ಲಿ ಹಿಮ ಕರಗಲೆಂದು ಮಿಶಿಗನ್‌ನ ರಸ್ತೆಗಳಿಗೆ ಎಷ್ಟು ಉಪ್ಪು ಸುರಿಯುತ್ತಾರೆಂದರೆ, ನಮ್ಮ ಕಾರಿನ ಬಾನೆಟ್ ಮೇಲೆ ಮಾವಿನಕಾಯಿ ಹೆಚ್ಚಿಟ್ಟರೆ ಸಂಜೆಯೊಳಗೆ ಉಪ್ಪಿನಕಾಯಿ ರೆಡಿ. ಆದ್ದರಿಂದ ಪ್ರತಿ ಶನಿವಾರ ಮಧ್ಯಾಹ್ನ ಅಪ್ಪ ಮತ್ತು ನಾನು ಕಾರು ತೊಳೆಸಲು ಹೋಗುತ್ತಿದ್ದೆವು. ರಾಚೆಸ್ಟರ್ ಹಿಲ್ಸ್‌ನ ನಮ್ಮ ಮನೆಯ ಸುತ್ತಮುತ್ತ ಕಾರ್ ವಾಶ್‌ಗಳು ಬೇಕಾದಷ್ಟಿದ್ದವು. ಆದರೂ ನಾವು ಅರ್ಧ ಗಂಟೆ ದೂರದ ಸೌತ್‌ಫೀಲ್ಡ್‌ವರೆಗೆ ಹೋಗುತ್ತಿದ್ದೆವು. ಅಲ್ಲಿನ ನೀರು ಬಣ್ಣಕ್ಕೆ ಒಳ್ಳೆಯದೆಂದು ಅಪ್ಪ ಅಮ್ಮನನ್ನು ನಂಬಿಸಿದ್ದ. ಬೇಸಿಗೆಯಲ್ಲಿ ಉಪ್ಪೇ ಇಲ್ಲದಾಗ ನೆಪ ಹುಡುಕುವ ಜವಾಬ್ದಾರಿ ನನ್ನದು. ನಮ್ಮ ಬಡಾವಣೆಯ ಹಕ್ಕಿಗಳ ಹೊಟ್ಟೆ ಕೆಟ್ಟು ಕಾರಿನ ಮೇಲೆಲ್ಲ ಹಿಕ್ಕೆ ಎಂದು ನಾನು ಅಮ್ಮನಿಗೆ ಎಷ್ಟು ಸಲ ವರದಿ ಕೊಟ್ಟೆನೆಂದರೆ, ಆಕೆ ಅವುಗಳಿಗೆ ಜೀರಿಗೆ ಕಷಾಯ ಮಾಡಿಡುವುದೊಂದು ಬಾಕಿ ಇತ್ತು.

ಕಾರು ನಿಜವಾಗಿಯೂ ತೊಳೆಸುತ್ತಿದ್ದೆವು, ಅದು ಸುಳ್ಳಲ್ಲ. ಆದರೆ ಕಾರ್ ವಾಶ್‌ನ ಹಿಂದೆ, ಲಾಂಡ್ರಿ ಅಂಗಡಿಯ ಪಕ್ಕದಲ್ಲಿ, ನಮ್ಮ ಮನೆಯ ಪ್ಯಾಂಟ್ರಿಗಿಂತ ಸ್ವಲ್ಪವೇ ದೊಡ್ಡದಾದ ಒಂದು ಬಾರ್ ಇತ್ತು. ಅದರ ಯಜಮಾನರು ಒಬ್ಬ ಜಪಾನಿ ಮುದುಕರು. ಕಾರಿನ ಬಿಡಿಭಾಗಗಳ ಕಂಪನಿಗೆಂದು ಬಂದವರು ರಿಟೈರ್ ಆದಮೇಲೂ ಇಲ್ಲೇ ಉಳಿದುಬಿಟ್ಟಿದ್ದರು. ಅಪ್ಪನೂ ಅಂಥದೇ ಕಂಪನಿಯಲ್ಲಿದ್ದಾನೆ. ಜಪಾನಿ ಬಾಸ್‌ಗಳಿಂದ ಅಪ್ಪ ಕಲಿತದ್ದು ಎರಡೇ: ಫೋನಿನಲ್ಲಿ ಮಾತಾಡುವಾಗಲೂ ಬಗ್ಗಿ ನಮಸ್ಕಾರ ಮಾಡುವುದು, ಮತ್ತು ಜಪಾನಿ ವಿಸ್ಕಿ.

ಹದಿನಾರಕ್ಕೆ ಲೈಸೆನ್ಸ್ ಬಂದ ವಾರವೇ ನಾನು ಡ್ರೈವರ್ ಆಗಿ ನೇಮಕಗೊಂಡೆ. ಹೆತ್ತವರ ಜೊತೆ ಬಂದ ಮಕ್ಕಳು ಸಂಜೆ ಆರರವರೆಗೆ ಕೂರಬಹುದು ಎನ್ನುವುದು ಯಜಮಾನರ ನಿಯಮ. ಇಪ್ಪತ್ತೊಂದಾಗದೆ ಇಲ್ಲಿ ಕುಡಿಯುವಂತಿಲ್ಲ, ಆದ್ದರಿಂದ ನನಗೆ ಜಿಂಜರ್ ಏಲ್ ಎನ್ನುವ ಶುಂಠಿ ಸೋಡಾ. ಆದರೆ ಅದಕ್ಕೂ ಅವರು ಅಪ್ಪನ ಗ್ಲಾಸಿಗೆ ಹಾಕುವಂಥದೇ ದುಂಡನೆಯ ಐಸ್ ಉಂಡೆ ಹಾಕಿಕೊಡುತ್ತಿದ್ದರು. ಅಪ್ಪ ಕುಡಿಯುತ್ತಿದ್ದದ್ದು ಒಂದೇ ಗ್ಲಾಸ್. ಅದಕ್ಕೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಚಿಕಾಗೋ ಕಡೆಗೆ ಅರ್ಧ ದಾರಿ ಸವೆಸಬಹುದಿತ್ತು. ಮೊದಲು ಮೂಸುತ್ತಿದ್ದ. ಆಮೇಲೆ ಸ್ಟ್ರಾದಿಂದ ಒಂದು ಹನಿ ನೀರು ಬಿಡುತ್ತಿದ್ದ. ಪೋಲಿಯೊ ಹನಿ ಹಾಕುವ ನರ್ಸ್‌ಗೂ ಅಷ್ಟು ಶ್ರದ್ಧೆ ಇರುವುದಿಲ್ಲ. ಮತ್ತೆ ಮೂಸಿ, ಗ್ಲಾಸನ್ನು ನನ್ನ ಮೂಗಿನ ಹತ್ತಿರ ತಂದು ಏನು ವಾಸನೆ ಹೇಳು ಎನ್ನುತ್ತಿದ್ದ. ಹಳೇ ಪುಸ್ತಕ, ಜೇನು, ಸುಟ್ಟ ಸಕ್ಕರೆ, ಅಜ್ಜಿಯ ಟ್ರಂಕು, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದೆ. ಇವಳ ಮೂಗು ಬಂಗಾರದ್ದು ಎಂದು ಅಪ್ಪ ಯಜಮಾನರ ಮುಂದೆ ಬೀಗುತ್ತಿದ್ದ. ನೆಗಡಿಯಾದ ದಿನವೂ ನಾನು ಪಾಸಾಗುತ್ತಿದ್ದೆ.

"ಇದಕ್ಕೆ ಸೋಡಾ ಹಾಕ್ಕೊಂಡ್ರೆ ಪರ್ವಾಗಿಲ್ಲ ಪುಟ್ಟಿ," ಎಂದು ಒಮ್ಮೆ ಅಪ್ಪ ಹೇಳಿದ್ದ. "ಕೋಕ್ ಹಾಕೋರ ಮನೆ ಸಂಬಂಧ ಮಾತ್ರ ಬೇಡ."

ಅಲ್ಲಿಗೆ ಕಾಯಂ ಬರುವವರು ಇಡೀ ಬಾಟಲಿ ಕೊಂಡು, ಕೊರಳಿಗೆ ಹೆಸರು ಬರೆದ ಮರದ ಬಿಲ್ಲೆ ಕಟ್ಟಿ, ಬಾರ್‌ನ ಕಪಾಟಿನಲ್ಲೇ ಇಟ್ಟು ಹೋಗುತ್ತಾರೆ. ಬಂದಾಗಲೆಲ್ಲ ತಮ್ಮದರಿಂದಲೇ ಬಗ್ಗಿಸಿಕೊಳ್ಳುತ್ತಾರೆ. ನನಗೆ ಲೈಸೆನ್ಸ್ ಬಂದ ಖುಷಿಗೆ ಅಪ್ಪ ತನ್ನ ಬಾಟಲಿಯ ಪಕ್ಕದಲ್ಲಿ ಇನ್ನೊಂದನ್ನು ಇರಿಸಿದ. ಹನ್ನೆರಡು ವರ್ಷ ಪೀಪಾಯಿಯಲ್ಲಿ ಮಾಗಿದ್ದು. ಅಂದರೆ ಲೆಕ್ಕಕ್ಕೆ ನನ್ನ ತಮ್ಮ. ಅದರ ಬಿಲ್ಲೆಯ ಮೇಲೆ ಅಪ್ಪ ಕನ್ನಡದಲ್ಲಿ "ಮಗಳದ್ದು" ಎಂದು ಬರೆದ. ಯಜಮಾನರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಟ್ಟಲಿನಲ್ಲಿ ಸುರುಳಿ ಸುತ್ತಿದ ನೂಡಲ್ಸ್ ಹಾಗಿದೆ ಎಂದರು.

"ನಿಂಗೆ ಇಪ್ಪತ್ತೊಂದಾದ ದಿನ ನಾವಿಬ್ರೇ ಬಂದು ಓಪನ್ ಮಾಡೋಣ," ಎಂದ ಅಪ್ಪ. "ಅಲ್ಲೀವರ್ಗೂ ಯಾರೂ ಮುಟ್ಟಲ್ಲ."

ನನಗೆ ವಿಸ್ಕಿಯ ಆಸೆಯೇನೂ ಇರಲಿಲ್ಲ. ಆದರೆ ಪ್ರತಿ ಶನಿವಾರ ಒಳಗೆ ಹೋದಕೂಡಲೇ ಮೊದಲು ಕಪಾಟು ನೋಡುತ್ತಿದ್ದೆ. ಈ ಊರಿನ ಯಾವುದೋ ಗೋಡೆಯ ಮೇಲೆ ಕನ್ನಡದಲ್ಲಿ, ಅಪ್ಪನ ಅಕ್ಷರದಲ್ಲಿ, ನಾನಿದ್ದೆ.

ಈ ಫೆಬ್ರವರಿಯಲ್ಲಿ ಅಕ್ಕನನ್ನು ಮದುವೆಯಾಗಲಿರುವ ಹುಡುಗ, ಅಂದರೆ ನನ್ನ ಭಾವ, ಚಿಕಾಗೋ ಪಕ್ಕದ ಸ್ಕೋಕಿಯಿಂದ ಮೊದಲ ಸಲ ನಮ್ಮ ಮನೆಗೆ ಬಂದರು. ಅಮ್ಮ ಮಾಡಿಟ್ಟಿದ್ದ ಚಿರೋಟಿಯಲ್ಲಿ ಇಡೀ ಓಕ್ಲೆಂಡ್ ಕೌಂಟಿಗೆ ಊಟ ಹಾಕಬಹುದಿತ್ತು. ಅವರು ಬಂದ ಮರುದಿನ ಶನಿವಾರ. ಅಪ್ಪ ಬೀಗದ ಕೈ ತೆಗೆದುಕೊಂಡದ್ದೇ ತಡ, ಅಮ್ಮ, "ಅವರನ್ನೂ ಕರ್ಕೊಂಡ್ಹೋಗ್ರೀ, ಪಾಪ ಬೋರಾಗತ್ತೆ," ಎಂದಳು. ಕಾರ್ ವಾಶ್ ನೋಡಿದರೆ ಬೇಜಾರು ಹೋಗುತ್ತದೆಂದು ನಂಬುವ ಮುಗ್ಧೆ.

ಬಾರ್‌ನಲ್ಲಿ ಅಪ್ಪನ ಬಾಟಲಿಯ ತಳದಲ್ಲಿ ಎರಡು ಬೆರಳಿನಷ್ಟು ಮಾತ್ರ ಉಳಿದಿತ್ತು. ಅಪ್ಪ ಅದನ್ನು ನೋಡಿದ, ಅಳಿಯನನ್ನು ನೋಡಿದ. ಮೊದಲ ಸಲ ಬಂದವರಿಗೆ ತಳದ್ದು ಕೊಡುವುದು ಹೇಗೆ ಎಂದು ತನಗೆ ತಾನೇ ಗೊಣಗಿಕೊಂಡ. ಆಮೇಲೆ ಪಕ್ಕದ ಬಾಟಲಿಯತ್ತ ಕೈ ತೋರಿಸಿದ.

ಯಜಮಾನರು ಅದನ್ನು ತಂದು ಅಪ್ಪನ ಮುಂದಲ್ಲ, ನನ್ನ ಮುಂದೆ ಇಟ್ಟರು. ನಾನು ಸ್ಟ್ರಾ ಕಚ್ಚಿಕೊಂಡು, ಅಪ್ಪನಿಗೆ ಈಗ ನೆನಪಾಗುತ್ತದೆ, ಈಗ ನೆನಪಾಗುತ್ತದೆ ಎಂದು ಕಾದೆ. ಅಪ್ಪ ಕೈ ಚಾಚಿ ಬಾಟಲಿಯನ್ನು ಎಳೆದುಕೊಂಡು ಮುಚ್ಚಳ ತಿರುಗಿಸಿದ. ಸೀಲು ಟಕ್ಕೆಂದಿತು.

ಭಾವ ಬಿಲ್ಲೆಯನ್ನು ಬೆರಳಿನಿಂದ ಎತ್ತಿ ನೋಡಿದರು. ಸ್ಕೋಕಿಯಲ್ಲಿ ಬೆಳೆದವರು, ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ.

"ಅಂಕಲ್, ಇದ್ರಲ್ಲಿ ಏನು ಬರ್ದಿದೆ?"

"ಅದಾ? ನಮ್ಮ ಮನೆ ಹೆಸ್ರು ಅಷ್ಟೆ," ಎಂದ ಅಪ್ಪ.

ಭಾನುವಾರದ ಕನ್ನಡ ಕ್ಲಾಸಿಗೆ ಅಳುತ್ತಾ ಹೋಗಿ ಕಲಿತ ಎಲ್ಲ ಅಕ್ಷರಗಳನ್ನೂ ಆ ಕ್ಷಣ ಮರೆಯಬೇಕೆನಿಸಿತು.

ಭಾವ ಒಂದು ಗುಟುಕು ಕುಡಿದು, ತುಂಬ ಸ್ಟ್ರಾಂಗ್ ಎಂದು ಮುಖ ಕಿವುಚಿ, ಸ್ವಲ್ಪ ಕೋಕ್ ಸಿಗುತ್ತದಾ ಎಂದು ಕೇಳಿದರು. ನಾನು ಖುಷಿಯಿಂದ ಅಪ್ಪನ ಕಡೆ ತಿರುಗಿದೆ. ಈಗ ಮದುವೆ ಮುರಿಯುತ್ತದೆ, ಸ್ಕೋಕಿಯವರೆಗೂ ಗಲಾಟೆ ಕೇಳಿಸುತ್ತದೆ ಎಂದುಕೊಂಡೆ. ಅಪ್ಪ ಕೋಕ್ ಕ್ಯಾನ್ ತರಿಸಿ, ತನ್ನ ಕೈಯಾರೆ ಬಗ್ಗಿಸಿದ. ಧಾರೆ ಎರೆಯುವ ಮುಹೂರ್ತ ಇದ್ದದ್ದು ಮೇ ತಿಂಗಳಿನಲ್ಲಿ. ಅಪ್ಪ ಫೆಬ್ರವರಿಯಲ್ಲೇ ಕೋಕ್‌ನಲ್ಲಿ ಎರೆದುಬಿಟ್ಟ. ನೀರಿನ ಹನಿಯೂ ಇಲ್ಲ, ಮೂಸುವುದೂ ಇಲ್ಲ.

ಭಾವನ ಮೇಲೆ ಸಿಟ್ಟು ಮಾಡಿಕೊಳ್ಳಲು ತುಂಬ ಪ್ರಯತ್ನಪಟ್ಟೆ. ಅವರು ನನ್ನ ಕಾಲೇಜ್ ಅಪ್ಲಿಕೇಷನ್ ಬಗ್ಗೆ ವಿಚಾರಿಸಿದರು, ನನ್ನ ತಮಾಷೆಗಳಿಗೆ ನಕ್ಕರು, ಥ್ಯಾಂಕ್ಸ್ ಹೇಳಿದರು. ಒಂದು ಸಣ್ಣ ದುರ್ಗುಣವೂ ಸಿಗಲಿಲ್ಲ. ಸಿಟ್ಟೆಲ್ಲ ಅಪ್ಪನಿಗೇ ಉಳಿಯಿತು. ಹೊರಡುವಾಗ ಯಜಮಾನರು ಬಿಲ್ಲೆ ಬಿಚ್ಚಿ, ಕರವಸ್ತ್ರದಿಂದ ಒರೆಸಿ, ನನ್ನ ಗ್ಲಾಸಿನ ಪಕ್ಕದಲ್ಲಿಟ್ಟರು. ನಾನು ಜೇಬಿಗೆ ಹಾಕಿಕೊಂಡೆ.

ಮನೆಯ ಮುಂದೆ ಭಾವ ಇಳಿದು ಒಳಗೆ ಹೋದಮೇಲೂ ಅಪ್ಪ ಸೀಟ್ ಬೆಲ್ಟ್ ಬಿಚ್ಚಲಿಲ್ಲ.

"ಪುಟ್ಟಿ, ಅದೇ ಥರದ್ದು ಇನ್ನೊಂದು ತಂದಿಡೋಣ."

"ಅದ್ರ ಮೇಲೆ ಏನಂತ ಬರೀತೀಯ?"

ಅಪ್ಪ ಸೀಟ್ ಬೆಲ್ಟ್ ಬಿಚ್ಚಿ ಇಳಿದ.

ಆ ರಾತ್ರಿಯೇ ಬಿಲ್ಲೆಯನ್ನು ಕಾರಿನ ಕನ್ನಡಿಗೆ ಕಟ್ಟಿದೆ. ಮರುದಿನ ದೇವಸ್ಥಾನಕ್ಕೆ ಹೊರಟಾಗ ಅಮ್ಮ ಅದನ್ನು ಗಟ್ಟಿಯಾಗಿ ಓದಿ, ಎಲ್ಲಿಂದ ಬಂತೇ ಇದು ಎಂದಳು. ಹಿಂದಿನ ಸೀಟಿನಲ್ಲಿ ಅಪ್ಪ ಉಸಿರು ಬಿಡುವುದನ್ನೇ ನಿಲ್ಲಿಸಿದ. ನಾನು ಒಂದು ಸಿಗ್ನಲ್ ದಾಟುವವರೆಗೂ ಅವನನ್ನು ಹಾಗೇ ಬಿಟ್ಟೆ.

"ಕಾರ್ ವಾಶ್‌ನಲ್ಲಿ ಕೊಟ್ರು," ಎಂದೆ.

ಮುಂದಿನ ಶನಿವಾರ ಮಧ್ಯಾಹ್ನ ಅಪ್ಪ ಬೂಟು ಹಾಕಿಕೊಂಡು, ಬೀಗದ ಕೈ ಹಿಡಿದು ನನ್ನ ರೂಮಿನ ಬಾಗಿಲಲ್ಲಿ ನಿಂತ. ಕಾರು ತೊಳೆಸಿಕೊಂಡು ಬರೋಣ್ವಾ ಎಂದು ಕೇಳಿದ. ದನಿ ತುಂಬ ಸಣ್ಣಗಿತ್ತು. ಕಿಟಕಿಯಿಂದ ನೋಡಿದೆ. ಡ್ರೈವ್‌ವೇಯಲ್ಲಿ ನಿಂತಿದ್ದ ಕಾರು ಬಾಗಿಲ ಹಿಡಿಯವರೆಗೂ ಉಪ್ಪಿನಿಂದ ಬೆಳ್ಳಗಾಗಿತ್ತು.

"ಕ್ಲೀನಾಗೇ ಇದೆಯಲ್ಲಪ್ಪ," ಎಂದೆ.