ಚಪ್ಪಲಿ ಕಳಚಿ ನೋಡಿದ ಮನೆ

ಅಟ್ಟದಿಂದ ಪಾತ್ರೆ ಇಳಿಸುವಾಗ ಹಳೇ ಹಂಡೆಯೊಳಗೆ ಬಟ್ಟೆಯ ಸುರುಳಿಯೊಂದು ಕೈಗೆ ಸಿಕ್ಕಿತು. ತೆಗೆದು ನೋಡಿದರೆ ಸಿಂಬಿ. ತಲೆಯ ಮೇಲೆ ಬುಟ್ಟಿ ಅಲ್ಲಾಡದೆ ಕೂರಲಿ ಎಂದು ಸೀರೆಯ ತುಂಡು ಹೊಸೆದು ಸುತ್ತಿ ಇಟ್ಟುಕೊಳ್ಳುವುದುಂಟಲ್ಲ, ಅದು. ಒಬ್ಬರಿಗೆ ನಾನೇ ಕೊಟ್ಟಿದ್ದ ನನ್ನ ಹಳೇ ನೀಲಿ ಸೀರೆಯದು. ಮೂಗಿಗೆ ಹಿಡಿದೆ. ಇಷ್ಟು ಸಮಯ ಆದರೂ ಬೂತಾಯಿ ಮೀನಿನ ವಾಸನೆ ಪೂರ್ತಿ ಹೋಗಿಲ್ಲ ನೋಡಿ! ಕೆಳಗೆ ಏಣಿ ಹಿಡಿದು ನಿಂತಿದ್ದ ನನ್ನ ಗಂಡ, "ಅದನ್ನು ಬಿಸಾಡು ಮಾರಾಯ್ತಿ" ಅಂದರು. ಬೇಕಾದರೆ ನಿಮ್ಮನ್ನು ಬಿಸಾಡ್ತೇನೆ, ಇದನ್ನಲ್ಲ ಅಂದೆ. ಏಣಿಯ ಮೇಲೆಯೇ ಕೂತುಬಿಟ್ಟೆ...

ಹದಿನಾಲ್ಕು ವರ್ಷದ ಹಿಂದಿನ ಮಾತು. ನನಗೆ ಬಂಟ್ವಾಳಕ್ಕೆ ವರ್ಗವಾಗಿತ್ತು. ಗಂಡ ಆಗ ಮಸ್ಕತ್ತಿನಲ್ಲಿ. ನಾರಾವಿಯ ಮನೆಯಲ್ಲಿ ಮಾವ ಮತ್ತು ಮೂರನೇ ಕ್ಲಾಸಿನ ಮಗಳು. ಅತ್ತೆ ತೀರಿಕೊಂಡು ವರ್ಷವಾಗಿತ್ತಷ್ಟೆ. ಬೇಸಿಗೆ ರಜೆ ಮುಗಿಯುವವರೆಗೆ ನಾದಿನಿ ಬಂದು ಅವರಿಬ್ಬರನ್ನು ನೋಡಿಕೊಳ್ಳಲು ಒಪ್ಪಿದಳು. ಅಷ್ಟರೊಳಗೆ ನಾನು ಬಂಟ್ವಾಳದಲ್ಲಿ ಮನೆ ಮಾಡಿ ಎಲ್ಲರನ್ನೂ ಕರೆಸಿಕೊಳ್ಳಬೇಕಿತ್ತು.

ಕಷ್ಟ ಇದ್ದದ್ದು ಮಾವನದು. ಅವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಪೊರೆಯಲ್ಲ, ನರದ ತೊಂದರೆ, ಆಪರೇಷನ್ನಿನಿಂದ ಸರಿಯಾಗುವಂಥದ್ದಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೋಲು ಹಿಡಿದು, ಒಬ್ಬರೇ ನಾರಾವಿ ಪೇಟೆಗೆ ಹೋಗಿ ಚಾ ಕುಡಿದು ಬರುತ್ತಿದ್ದರು. ಕಣ್ಣಿದ್ದ ಕಾಲದಿಂದ ನಡೆದ ದಾರಿ ಅದು. ಬಂಟ್ವಾಳದ ಮಾತೆತ್ತಿದಾಗ ಅವರು ಹಾಕಿದ್ದು ಒಂದೇ ಷರತ್ತು. "ಒಬ್ಬನೇ ಹೋಗಿ ಚಾ ಕುಡಿದು ಬರುವ ಹಾಗಿದ್ದರೆ ಬರ್ತೇನೆ. ನೀವು ಕೈ ಹಿಡಿದು ನಡೆಸುವುದಾದರೆ ನಾನು ಇಲ್ಲೇ." ಇಲ್ಲೇ ಅಂದರೆ ಯಾರ ಜೊತೆ? ಹಠ ಅಂದರೆ ಹಠ.

ಗಂಡ ಒಂದು ತಿಂಗಳ ರಜೆಯಲ್ಲಿ ಬಂದರು. ಮನೆ ನೋಡಲು ಶುರು ಮಾಡಿದೆವು. ನಾವು ಮಾಡಿದ ತಪ್ಪು ಈಗ ನೆನೆದರೆ ನಗು ಬರುತ್ತದೆ. ಕಣ್ಣು ಕಾಣದವರಿಗಾಗಿ ಮನೆ ಹುಡುಕುವಾಗಲೂ ನಾವು ಕಣ್ಣಿನಿಂದಲೇ ನೋಡುತ್ತಿದ್ದೆವು! ಹೊಳೆಯ ಬದಿಯ ಮನೆಯ ಜಗಲಿ ಚಂದ ಕಂಡಿತು. ಮೆಲ್ಕಾರಿನ ಫ್ಲಾಟಿನ ಅಡುಗೆಮನೆ ಅದಕ್ಕಿಂತ ಚಂದ ಕಂಡಿತು. ಲಿಫ್ಟ್ ಉಂಟು, ಇಪ್ಪತ್ನಾಲ್ಕು ಗಂಟೆ ನೀರುಂಟು, ಮಗಳಿಗೆ ಶಾಲೆ ಹತ್ತಿರ. ಗಂಡ ಅಲ್ಲೇ ಮಾತು ಕೊಟ್ಟು ಬಂದರು. ನಾನೂ ತಲೆಯಾಡಿಸಿದ್ದೆ, ಸುಳ್ಳು ಯಾಕೆ ಹೇಳಲಿ.

ಆಗ ನಾನಿದ್ದದ್ದು ಆಫೀಸಿನ ಹತ್ತಿರದ ಒಂದು ಬಾಡಿಗೆ ಕೋಣೆಯಲ್ಲಿ. ಅಲ್ಲಿಗೆ ಮೀನು ತರುತ್ತಿದ್ದವರು ಮೀನಿನಕ್ಕ. ಅವರಿಗೆ ಬೇರೆ ಹೆಸರು ಇದ್ದೇ ಇತ್ತು, ಆದರೆ ಪೇಟೆಗೆಲ್ಲ ಮೀನಿನಕ್ಕ. ಐವತ್ತು ದಾಟಿದ ಗಟ್ಟಿ ಹೆಂಗಸು, ಬಾಯಿ ತುಂಬ ಎಲೆಯಡಿಕೆ, ಬರಿಗಾಲು. ಮೀನು ಕೊಟ್ಟಾದ ಮೇಲೆ ಬುಟ್ಟಿಯನ್ನು ಮತ್ತೆ ತಲೆಗೇರಿಸಲು ಮನೆಯವರು ಒಂದು ಕೈ ಕೊಡಬೇಕು. ಅದು ನಮ್ಮ ಕಡೆಯ ಕ್ರಮ. ತಲೆಹೊರೆಯವರು ಒಬ್ಬರೇ ಇಳಿಸಿಯಾರು, ಒಬ್ಬರೇ ಎತ್ತಲಾರರು. ಹಾಗೆ ಕೈ ಕೊಡುತ್ತ ಒಂದು ದಿನ ನಾನು ಫ್ಲಾಟಿನ ವಿಷಯ, ಮಾವನ ಷರತ್ತು, ಎಲ್ಲ ಹೇಳಿದೆ. ಅವರು ಬುಟ್ಟಿಯನ್ನು ಅರ್ಧಕ್ಕೇ ಕೆಳಗಿಟ್ಟರು.

"ಚಾಕ್ಕೆ ಹೈವೇ ದಾಟಬೇಕಲ್ಲ ಮಗಾ?"

"ಫ್ಲಾಸ್ಕಿನಲ್ಲಿ ತರಿಸಿದರಾಯ್ತು" ಅಂದೆ, ಸ್ವಲ್ಪ ಸಿಟ್ಟಿನಲ್ಲೇ.

"ಚಾ ತರಿಸ್ಬಹುದು. ಹೋಗಿ ಬರುವುದನ್ನು ಎಲ್ಲಿಂದ ತರಿಸ್ತೀ?"

ನನಗೆ ಚುರುಕ್ ಅಂತು. ಆಮೇಲೆ ಅವರು ಹೇಳಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆದರೆ ಅರ್ಧ ರುಚಿ ಹೋಗುತ್ತದೆ, ಆದರೂ ಬರೆಯುತ್ತೇನೆ. ತಲೆಯ ಮೇಲೆ ಬುಟ್ಟಿ ಇದ್ದವಳು ಬಗ್ಗಿ ಕೆಳಗೆ ನೋಡಲಿಕ್ಕುಂಟಾ? ಮೂವತ್ತು ವರ್ಷದಿಂದ ಈ ಪೇಟೆಯನ್ನು ನಾನು ಕಾಲಿನಿಂದಲೇ ನೋಡಿದ್ದು. ನಿನ್ನ ಮಾವನಿಗೆ ಯಾವ ದಾರಿ ಆಗ್ತದೆ ಅಂತ ನನ್ನ ಕಾಲಿನ ಹತ್ತಿರ ಕೇಳು.

ಆದಿತ್ಯವಾರ ನನ್ನನ್ನು ಕರೆದುಕೊಂಡು ಹೊರಟೇಬಿಟ್ಟರು. ಗಂಡ ನಾರಾವಿಗೆ ಹೋಗಿದ್ದರು. ಹೊಳೆಬದಿಯ ಮನೆಯ ಕಡೆಗೆ ಅಕ್ಕ ಬೆರಳು ಸಹ ತೋರಿಸಲಿಲ್ಲ. ಮಳೆಗಾಲದಲ್ಲಿ ಅಲ್ಲಿ ನೀರು ಹತ್ತಿ ಇಳಿದ ಮೇಲೆ ದಾರಿಯೇ ಬೇರೆಯಾಗುತ್ತದೆ, ಪ್ರತಿವರ್ಷ ಹೊಸತಾಗಿ ಕಲಿಯಬೇಕು ಎಂದರು. ನನ್ನನ್ನು ನಿಲ್ಲಿಸಿದ್ದು ಪೇಟೆಯ ಮೇಲ್ಬದಿಯ ಒಂದು ಓಣಿಯ ಬಾಯಿಯಲ್ಲಿ. ಚಪ್ಪಲಿ ತೆಗೆ ಅಂದರು. ತೆಗೆದೆ. ಕಣ್ಣು ಮುಚ್ಚು ಅಂದರು. ಅಯ್ಯೋ ದೇವರೇ, ಆಫೀಸಿನಲ್ಲಿ ದಿನಾ ನನ್ನ ಮೇಜಿನ ಎದುರು ನಿಲ್ಲುವ ಜನ ಅಲ್ಲಿ ತರಕಾರಿ ಕೊಳ್ಳುತ್ತಿದ್ದಾರೆ! "ಯಾರು ನೋಡಿದರೆ ನಿನಗೆಂಥದು? ನೀನು ಅವರನ್ನು ನೋಡುವುದಿಲ್ಲವಲ್ಲ" ಎಂದು ಮುಂದೆ ನಡೆದರು.

ಕಣ್ಣು ಮುಚ್ಚಿ ಹಿಂದೆ ಹೋದೆ. ಎಡಗೈಗೆ ಉದ್ದಕ್ಕೂ ಕೆಂಪು ಕಲ್ಲಿನ ಪಾಗಾರದ ಗೋಡೆ, ಎಲ್ಲೂ ಕಡಿಯಲಿಲ್ಲ. ಕಾಲಿಗೆ ಮೊದಲು ಒರಟು ಕಲ್ಲು, ಆಮೇಲೆ ಚರಂಡಿಯ ಮೇಲಿನ ಚಪ್ಪಡಿ. ಮೆಟ್ಟಿದರೆ ಡಬ್ ಅನ್ನುತ್ತಿತ್ತು. ಅಲ್ಲಿಂದ ಹಿಟ್ಟಿನ ಮಿಲ್ಲಿನ ಪರಿಮಳ. ಅದು ಮುಗಿಯುವಾಗ ಹೋಟೆಲಿನ ಗ್ಲಾಸುಗಳ ಸದ್ದು. ಬೈಕು ಬಿಟ್ಟರೆ ಬೇರೆ ವಾಹನ ಒಳಗೆ ಬರುವ ಹಾಗಿಲ್ಲ. ಕಣ್ಣು ಬಿಟ್ಟರೆ ನಾನು ಹೋಟೆಲಿನ ಮೆಟ್ಟಿಲಲ್ಲಿ ನಿಂತಿದ್ದೆ, ಯಾರ ಕೈಯೂ ಹಿಡಿಯದೆ. ಕಣ್ಣಲ್ಲಿ ನೀರು ಬಂತು. ಓಣಿಯಲ್ಲಿ ನಾವು ಹೊರಟ ತುದಿಗೆ ಖಾಲಿ ಇದ್ದ ಹಂಚಿನ ಮನೆಯನ್ನು ಅವರು ಆಮೇಲೆ ತೋರಿಸಿದರು. ಕತ್ತಲೆಯ ಅಡುಗೆಮನೆ, ಸಣ್ಣ ಕಿಟಕಿ. ಮನೆ ನನಗೆ ಒಂಚೂರೂ ಹಿಡಿಸಲಿಲ್ಲ. ದಾರಿ ಹಿಡಿಸಿತ್ತು.

ಗಂಡನಿಗೆ ಹೇಳಿದಾಗ ದೊಡ್ಡ ರಂಪವಾಯಿತು. ಮೀನು ಮಾರುವವರ ಮಾತು ಕೇಳಿ ಮನೆ ಮಾಡುವುದಾ, ಕೊಟ್ಟ ಮಾತು ಏನಾಗಬೇಕು ಎಂದು ಕೂಗಾಡಿದರು. ನಾನೂ ಬಿಡಲಿಲ್ಲ. "ಅವರು ಇಡೀ ಪೇಟೆ ಮೆಟ್ಟಿದವರು. ನೀವು ಮೆಟ್ಟಿದ್ದು ಲಿಫ್ಟ್" ಅಂದೆ. ಮೂರನೇ ದಿನ ಅವರೇ ಚಪ್ಪಲಿ ಕೈಯಲ್ಲಿ ಹಿಡಿದು ಓಣಿಯಿಂದ ಹೊರಗೆ ಬರುವುದನ್ನು ನಾನು ಹಿಟ್ಟಿನ ಮಿಲ್ಲಿನ ಮರೆಯಿಂದ ನೋಡಿದೆ. ಸಂಜೆ ಅವರು ಮೆಲ್ಕಾರಿಗೆ ಹೋಗಿ ಕ್ಷಮೆ ಕೇಳಿ ಬಂದರು.

ಮಾವ ಬಂದರು, ಮುಖ ಗಂಟು ಹಾಕಿಕೊಂಡೇ. ಮೊದಲ ಮೂರು ದಿನ ಮೀನಿನಕ್ಕ ಏಳಕ್ಕೆ ಸರಿಯಾಗಿ ಬುಟ್ಟಿ ಹೊತ್ತು ಬಾಗಿಲಿಗೆ ಬಂದರು. "ಅಣ್ಣೇರೇ, ವಾಸನೆ ಹಿಡ್ಕೊಂಡು ಬನ್ನಿ" ಎಂದು ಮುಂದೆ ನಡೆದರು. ಮಾವ ನಕ್ಕದ್ದನ್ನು ಅತ್ತೆ ಹೋದ ಮೇಲೆ ನಾನು ಕೇಳಿದ್ದು ಅದೇ ಮೊದಲು. ನಾಲ್ಕನೆಯ ದಿನ ಅಕ್ಕ ಬರಲಿಲ್ಲ. ಮಾವ ಒಬ್ಬರೇ ಹೊರಟರು. ನಾನು ಆಫೀಸಿಗೆ ತಡವಾದರೂ ಹೊಸ್ತಿಲಲ್ಲಿ ನಿಂತೇ ಇದ್ದೆ. ದೂರದಲ್ಲಿ ಚಪ್ಪಡಿ ಡಬ್ ಅಂದದ್ದು ಕೇಳಿತು. ಮುಕ್ಕಾಲು ಗಂಟೆಯ ಮೇಲೆ ಮತ್ತೊಮ್ಮೆ ಡಬ್. ಕಾಗದದಲ್ಲಿ ಸುತ್ತಿದ ಬನ್ಸ್ ಮೊಮ್ಮಗಳ ಕೈಗೆ ಕೊಟ್ಟು, "ಇಲ್ಲಿಯ ಚಾ ಸ್ವಲ್ಪ ಸಪ್ಪೆ" ಅಂದರು. ನನಗೆ ಆ ದಿನ ಬಂದ ಹೆಮ್ಮೆ ಪ್ರಮೋಷನ್ ಆದಾಗಲೂ ಬಂದದ್ದಿಲ್ಲ.

ಇನ್ನೊಂದು ಸಂಗತಿ ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ರಜೆಯ ಒಂದು ಬೆಳಿಗ್ಗೆ ನೋಡುತ್ತೇನೆ, ಮೀನಿನಕ್ಕ ಹೋಟೆಲಿನ ಮುಂದೆ ಬುಟ್ಟಿ ಇಳಿಸಿ ಕೂತಿದ್ದಾರೆ. ಸುತ್ತ ಗಟ್ಟಿಮುಟ್ಟಾದ ಹತ್ತು ಗಂಡಸರಿದ್ದರು. ಯಾರನ್ನೂ ಕರೆಯಲಿಲ್ಲ. ಮಾವ ಚಾ ಮುಗಿಸಿ ಹೊರಗೆ ಬಂದ ಮೇಲೆ, "ಅಣ್ಣೇರೇ, ಒಂದು ಕೈ ಕೊಡಿ" ಅಂದರು. ಮಾವ ಕೋಲನ್ನು ಗೋಡೆಗೆ ಒರಗಿಸಿ, ತಡವಿ ಬುಟ್ಟಿಯ ಅಂಚು ಹಿಡಿದು, ಎತ್ತಿ ಅವರ ತಲೆಯ ಮೇಲೆ ಕೂರಿಸಿದರು. ಇಬ್ಬರೂ ಅವರವರ ದಾರಿ ಹಿಡಿದರು. ದಿನಾ ಹೀಗೇ ಅಂತೆ. ಬೇಕೆಂದೇ ಕಾಯ್ತೀರಾ ಎಂದು ಅಕ್ಕನನ್ನು ಕೇಳಿದೆ. "ಬೇರೆಯವರು ಎತ್ತಿದರೆ ಬುಟ್ಟಿ ಓರೆ ಕೂರ್ತದೆ" ಅಂದರು. ಅದು ನಿಜವೋ ಸುಳ್ಳೋ, ಇವತ್ತಿಗೂ ಗೊತ್ತಿಲ್ಲ. ಆದರೆ ಊರೆಲ್ಲ ಕೈ ಕೊಡಲು ಬರುತ್ತಿದ್ದ ಮನುಷ್ಯನ ಹತ್ತಿರ ಕೈ ಕೇಳಿದವರು ಅವರೊಬ್ಬರೇ. ಮಾವನ ಅಂಗಿಗೆ ಮೀನಿನ ನೀರು ಯಾಕೆ ತಾಗುತ್ತದೆ ಎಂದು ಅಷ್ಟು ದಿನ ಗೊಣಗುತ್ತ ಒಗೆದಿದ್ದೆ... ಆಮೇಲೆ ಗೊಣಗಲಿಲ್ಲ.

ಮಾವ ಹತ್ತು ವರ್ಷ ಹಾಗೆ ನಡೆದರು. ಕಡೆಯ ನಾಲ್ಕು ದಿನ ಮಾತ್ರ ಹಾಸಿಗೆ ಹಿಡಿದರು. ಅವರ ಉತ್ತರಕ್ರಿಯೆ, ನಮ್ಮ ಕಡೆಯ ಬೊಜ್ಜ, ಮುಗಿದ ಮರುದಿನ ಮೀನಿನಕ್ಕ ಬಂದರು. ತಲೆಯಲ್ಲಿ ಬುಟ್ಟಿ ಇರಲಿಲ್ಲ. ಮಂಡಿ ಹೋಗಿದೆ, ಮಗನ ಮನೆಗೆ ಹೋಗ್ತೇನೆ ಎಂದರು. ಜಗಲಿಯಲ್ಲಿ ಮಾವ ಕೂರುತ್ತಿದ್ದ ಜಾಗದ ಪಕ್ಕ ಸ್ವಲ್ಪ ಹೊತ್ತು ಕೂತು, ಎದ್ದು ಹೋದರು. ಕೈಯಲ್ಲಿದ್ದ ಸಿಂಬಿಯನ್ನು ಅಲ್ಲೇ ಮರೆತರೋ, ಬಿಟ್ಟರೋ... ಮರುವರ್ಷ ಅವರೂ ಇಲ್ಲ ಎಂಬ ಸುದ್ದಿ ಬಂತು. ಹೆಸರು ಕೇಳಿಟ್ಟುಕೊಳ್ಳಲಿಲ್ಲವಲ್ಲ ಎಂದು ಆ ದಿನ ನನ್ನ ಮೇಲೆಯೇ ನನಗೆ ನಾಚಿಕೆಯಾಯಿತು.

ಈಗ ಗಂಡ ಗಲ್ಫ್ ಬಿಟ್ಟು ಬಂದಿದ್ದಾರೆ. ಮಗಳು ಹಾಸ್ಟೆಲಿನಲ್ಲಿ. ಈ ಮನೆಯ ಹಂಚು ಸೋರುತ್ತದೆ, ಮಾಲೀಕರಿಗೆ ಕೆಡವಲಿಕ್ಕುಂಟು. ಅದಕ್ಕೇ ಪಾತ್ರೆ ಇಳಿಸುವ ಗಡಿಬಿಡಿ. ನಾಳೆ ಮೂರು ಫ್ಲಾಟ್ ನೋಡಲಿಕ್ಕುಂಟು. ಏಣಿಯಿಂದ ಇಳಿದು ಸಿಂಬಿಯನ್ನು ಮಾವನ ಕೋಲು ತೂಗುವ ಮೊಳೆಗೇ ಸಿಕ್ಕಿಸಿದೆ. ಗಂಡ ಹೋಟೆಲಿನಿಂದ ಬನ್ಸ್ ತರ್ತೇನೆ ಎಂದು ಹೊರಟರು. ಸ್ವಲ್ಪ ಹೊತ್ತಿನ ಮೇಲೆ ದೂರದಲ್ಲಿ ಚಪ್ಪಡಿ ಡಬ್ ಅಂತು. ನಾನು ಅಭ್ಯಾಸಬಲದಿಂದ ಚಾದ ನೀರು ಇಟ್ಟುಬಿಟ್ಟೆ, ಮಾವನೂ ಸೇರಿ ಮೂರು ಜನಕ್ಕೆ. ಹೊಸ್ತಿಲಿಗೆ ಬಂದು ನೋಡಿದರೆ ಗಂಡನ ಚಪ್ಪಲಿ ಅಲ್ಲೇ ಇತ್ತು. ಅವರು ಬರಿಗಾಲಲ್ಲಿ ಹೋಗಿದ್ದರು.