ಉದುರದೆ ನಿಂತ ತೆನೆ

ಮಡಕೆ ಸುಡುವುದನ್ನು ಮನುಷ್ಯ ಇನ್ನೂ ಕಲಿತಿರಲಿಲ್ಲ, ಆ ಕಾಲದ ಮಾತು. ಯೂಫ್ರೆಟಿಸ್ ಹೊಳೆಯ ದಂಡೆಯಲ್ಲಿ ಹತ್ತು ಹನ್ನೆರಡು ಮಣ್ಣಿನ ಮನೆ. ಅದರಲ್ಲೊಂದು ತಬ್ನುವಿನದು. ಗಂಡ ಎಷ್ಕರ್, ಅತ್ತೆ ಹುರ್ಮ, ನಾಲ್ಕು ವರ್ಷದ ಮಗಳು ಕಿಷು.

ಗೋಧಿ ಬಲಿಯುವ ಹೊತ್ತಿಗೆ ಸರಿಯಾಗಿ ಎಷ್ಕರನನ್ನು ಕಾಡುಹಂದಿ ಸೀಳಿಹಾಕಿತು. ಆ ಜನ ಸತ್ತವರನ್ನು ಹೊರಗೆ ಹಾಕುವವರಲ್ಲ. ಮಲಗುತ್ತಿದ್ದ ಜಾಗದ ಕೆಳಗೇ ಹೂತು, ಮೇಲೆ ಸುಣ್ಣದ ಗಾರೆ ಬಳಿಯುತ್ತಾರೆ. ಗಾರೆ ಒಣಗುವವರೆಗೆ ಆ ಮನೆಯವರು ಕುಡುಗೋಲು ಮುಟ್ಟುವ ಹಾಗಿಲ್ಲ. ಒಂದು ಬೆರಳು ದಪ್ಪ ಬಳಿದರೆ ಮೂರು ದಿನಕ್ಕೆ ಒಣಗುತ್ತದೆ. ಹುರ್ಮ ಹೆತ್ತ ಕರುಳು, ಮಗನ ಮೇಲೆ ನಾಲ್ಕು ಬೆರಳು ದಪ್ಪ ಬಳಿದಳು.

ಗೋಧಿಯನ್ನೋ, ತೆನೆ ಅರೆಹಸಿರಿದ್ದಾಗಲೇ ಕೊಯ್ಯಬೇಕು. ಎರಡು ದಿನ ತಡೆದರೆ ಗಾಳಿಗೆ ಉದುರಿ ಇಲಿ, ಹಕ್ಕಿಗಳ ಪಾಲು.

"ಅತ್ತೆ, ಹೊರಗೆ ಬಿಸಿಗಾಳಿ ಬೀಸ್ತಿದೆ. ಕಾಳೆಲ್ಲ ಉದುರ್ತಿದೆ."

"ಉದುರ್ಲಿ ಬಿಡೇ. ನನ್ನ ಮಗ ಹಸೀ ಗಾರೆ ಕೆಳಗೆ ಮಲಗಿದಾನೆ, ನಿನಗೆ ಹೊಟ್ಟೆ ಚಿಂತೆ!"

ದಿನಾ ಬೆಳಿಗ್ಗೆ ತಬ್ನು ನೆಲಕ್ಕೆ ಅಂಗೈ ಒತ್ತಿ ನೋಡುವಳು. ದಿನಾ ಅಂಗೈ ಒದ್ದೆ. ಹತ್ತನೆಯ ದಿನ ಒಣಗಿತ್ತು. ಓಡಿದಳು. ಹೊಲದಲ್ಲಿ ಬರೀ ಕಡ್ಡಿ. ಅಲ್ಲೊಂದು ಇಲ್ಲೊಂದು ತೆನೆ ಮಾತ್ರ ಕಾಳು ಬಿಡದೆ ನಿಂತಿತ್ತು. ಜಿಪುಣ ತೆನೆ ಅನ್ನುತ್ತಿದ್ದರು ಅದನ್ನು. ಕೊಡವಿದರೆ ಬೀಳದು, ಕಲ್ಲಿಗೆ ಬಡಿದು ಬಿಡಿಸಬೇಕು. ಅದನ್ನು ಆರಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ತಬ್ನು ಸಂಜೆಯವರೆಗೆ ಬಗ್ಗಿ ಆರಿಸಿದಳು. ಒಂದೂವರೆ ಬುಟ್ಟಿ ಆಯಿತು.

ಪಕ್ಕದ ಮನೆಯ ಗದ್ರಿ ನಕ್ಕಳು. "ಏನೇ, ಜಿಪುಣರ ಮನೆಗೇ ಬೇಡೋಕೆ ಹೋಗಿದ್ಯಾ?"

ನಕ್ಕರೂ ಕೈಬಿಡಲಿಲ್ಲ. ಬೇಸಿಗೆ ಪೂರ್ತಿ ಅಷ್ಟಿಷ್ಟು ಮಸೂರು ಕೊಟ್ಟಳು. ಆಮೇಲೆ ಅವಳ ಮನೆಯಲ್ಲೂ ಕಡಿಮೆಯಾಯಿತು. ಮೊದಲ ಮಳೆ ಬೀಳುವ ಹೊತ್ತಿಗೆ ತಬ್ನುವಿನ ಮನೆಯಲ್ಲಿ ಉಳಿದದ್ದು ಆ ಜಿಪುಣ ತೆನೆಯ ಒಂದೇ ಬುಟ್ಟಿ ಗೋಧಿ.

"ಅರೆದು ಮಗೂಗೆ ಗಂಜಿ ಕಾಯ್ಸೇ," ಅಂದಳು ಹುರ್ಮ. "ನನಗೆ ಬೇಡ. ಅದರ ಪಕ್ಕೆಲುಬು ನೋಡು."

"ಅರೆದ್ರೆ ಚಳಿ ಕಳೀತು. ಆಮೇಲೆ?"

"ಆಮೇಲಿಂದು ಆಮೇಲೆ."

"ಬೇಟೆ ತರೋರಿಲ್ಲ ಅತ್ತೆ. ಬಿತ್ತದಿದ್ರೆ ಮುಂದಿನ ವರ್ಷ ಮೂವರೂ ನಿಮ್ಮ ಮಗನ ಪಕ್ಕದಲ್ಲೇ."

ಹೊಳೆ ಆ ವರ್ಷ ಹೊಸದಾಗಿ ಹೂಳು ಬಿಟ್ಟುಹೋದ ಕಡೆ ಬಿತ್ತಿದಳು. ಮೂರನೆಯ ದಿನ ಹಕ್ಕಿ ಓಡಿಸಲು ಕೋಲು ಹಿಡಿದು ಹೋದರೆ, ಹಕ್ಕಿಯಲ್ಲ, ಕಿಷು. ಕುಕ್ಕರಗಾಲಲ್ಲಿ ಕೂತು, ಬೆರಳಿನಲ್ಲಿ ಮಣ್ಣು ಕೆದಕಿ, ಸಿಕ್ಕ ಕಾಳನ್ನು ಮಣ್ಣಿನ ಸಮೇತ ಬಾಯಿಗೆ ಹಾಕಿಕೊಳ್ಳುತ್ತಿತ್ತು. ತಬ್ನು ಆ ಕೋಲಿನಿಂದಲೇ ಕೈಗೆ ಬಾರಿಸಿದಳು. ಬಾಯೊಳಗೆ ಬೆರಳಿಟ್ಟು ಮೂರು ಕಾಳು ತೆಗೆದು ಮತ್ತೆ ಮಣ್ಣಿಗೊತ್ತಿದಳು. ಮಗು ಅಳಲಿಲ್ಲ. ಅಮ್ಮನ ಮುಖವನ್ನೇ ನೋಡಿತು.

ಪೈರು ಗೇಣುದ್ದ ಎದ್ದಾಗ, ಚಳಿಯಲ್ಲಿ, ಕಿಷು ಹೋಯಿತು. ಗಾರೆ ಬಳಿದವಳು ತಬ್ನು. ಹುರ್ಮ ಅಂದಿನಿಂದ ಸೊಸೆಯ ಜೊತೆ ತುಟಿ ಬಿಚ್ಚಲಿಲ್ಲ.

ಬೇಸಿಗೆಯಲ್ಲಿ ಬಿಸಿಗಾಳಿ ಮತ್ತೆ ಬಂತು. ಉಳಿದವರ ಹೊಲದಲ್ಲಿ ಕೊಯ್ದದ್ದಕ್ಕಿಂತ ಉದುರಿದ್ದೇ ಹೆಚ್ಚು. ತಬ್ನುವಿನ ಹೊಲದಲ್ಲಿ ತೆನೆಗಳು ಅಲ್ಲಾಡಿದವು, ಕಾಳು ಬಿಡಲಿಲ್ಲ. ಒಬ್ಬಳೇ ಹನ್ನೆರಡು ದಿನ ನಿಧಾನಕ್ಕೆ ಕೊಯ್ದಳು. ಬಡಿದೂ ಬಡಿದೂ ಅಂಗೈ ಒಡೆಯಿತು. ವರ್ಷಗಟ್ಟಲೆ ಕಲ್ಲಿನ ಮುಂದೆ ಮಂಡಿಯೂರಿ ಅರೆದು ಮುಂದೆ ಅವಳ ಕಾಲಿನ ಹೆಬ್ಬೆರಳುಗಳೇ ಹಿಂದಕ್ಕೆ ಮಣಿದುಹೋದವು. ದೂರದಿಂದ ನಡಿಗೆ ನೋಡಿಯೇ ತಬ್ನು ಅನ್ನುವರು. ಆ ಕಾಳು ಎಲ್ಲರ ಹೊಲ ತುಂಬಿದ್ದು ಎಷ್ಟೋ ತಲೆಮಾರಿನ ಮೇಲೆ. ಅವಳು ಅದನ್ನು ಕಾಣಲಿಲ್ಲ.

ಅವಳು ಕಂಡದ್ದು, ಆ ಕೊಯ್ಲಿನ ಮರುದಿನ ಬಾಗಿಲಿಗೆ ಬಂದು ನಿಂತ ಗದ್ರಿಯನ್ನು. ಸೊಂಟದ ಮೇಲೆ ಕೂಸು, ಕೈಯಲ್ಲಿ ಖಾಲಿ ಬುಟ್ಟಿ.

"ಬಿತ್ತೋಕೆ ಒಂದಿಷ್ಟು ಕೊಡೇ ತಬ್ನು."

"ಕೊಡ್ತೀನಿ. ಆದ್ರೆ ಕೇಳು. ಇದು ತಾನಾಗಿ ಉದುರಲ್ಲ, ತಾನಾಗಿ ಹುಟ್ಟಲ್ಲ. ಎಷ್ಟೇ ಹಸಿವಿರ್ಲಿ, ಬೀಜ ಎತ್ತಿಟ್ಟು ನೀನೇ ಬಿತ್ತಬೇಕು. ಈ ಕೂಸು ಎದುರಿಗೆ ಬಾಯಿ ಬಿಟ್ಕೊಂಡು ನಿಂತ್ರೂ." ತಬ್ನು ಕೂಸಿನ ಕಡೆ ನೋಡಿದಳು. "ಆಗತ್ತಾ ನಿನ್ನ ಕೈಲಿ?"

ಗದ್ರಿ ಕೂಸನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಂಡು ಬುಟ್ಟಿಯನ್ನು ಮುಂದೆ ಹಿಡಿದಳು.